ತವರು ಎಂಬ ಕಾಲಂ

ಇನ್ನು ಏಳು ಪ್ರಾಣಿಗಳಿಗಷ್ಟೇ ಜಾಗ, ಎಂದ ಔಲಿಸ್,
ಗೋಡೆಯ ನಕಾಶೆಗೆ ಬೆನ್ನು ಕೊಟ್ಟು.
ಆಟದ ಹೊಟ್ಟೆ ತುಂಬಿದೆ, ಕಡತ ಭಾರವಾಗಿದೆ,
ದೇಶಕ್ಕೆ ಒಂದೇ ಜೀವ, ಜಗಳ ಬೇಡ.
ಪಾಂಡಾ, ಸಿಂಹ, ಕಾಂಗರೂ ಆಗಲೇ ಒಳಗಿದ್ದವು,
ಕರೆಯದೆ ಬಂದು ಮೊದಲ ಪಂಕ್ತಿಗೇ ಕೂತ ನೆಂಟರು.

ಟಾಂಪೆರೆಯಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು.
ಕಾಫಿ ಯಂತ್ರ ಕೆಮ್ಮುತ್ತಿತ್ತು.
ನನ್ನ ಪರದೆಯ ಮೇಲೆ ಕಾಲಂಗಳು:
ಹೆಸರು. ಆಹಾರ. ಬೇಲಿಯ ಎತ್ತರ. ತವರು.
ತವರು ಎಂಬಲ್ಲಿ ಒಂದು ಬಾವುಟ ಅಂಟಿಸಬೇಕು.

ಎವಾರಿಸ್ಟೋ ವಿಕುನ್ಯಾ ಬೇಕೆಂದ.
ಅವನ ಊರಿನವರು ಬೆಟ್ಟದ ಮೇಲೆ ಸಾಲುಗಟ್ಟಿ
ಹಗ್ಗ ಹಿಡಿದು ಸುತ್ತುವರಿದು
ಉಣ್ಣೆ ಕತ್ತರಿಸಿ ಮತ್ತೆ ಬಿಟ್ಟುಬಿಡುತ್ತಾರಂತೆ.
ಯಾವ ದೇಶ ಹಾಕಲಿ? ಎಂದೆ.
"ಬೆಳಿಗ್ಗೆ ಬೊಲಿವಿಯ. ಹುಲ್ಲು ಮುಗಿದರೆ ಚಿಲಿ.
ಬಂದೂಕಿನ ಸದ್ದಾದರೆ ಪೆರು."
ನಕ್ಕೆವು. ಆ ಚೌಕದಲ್ಲಿ ಒಂದೇ ಬಾವುಟ ಹಿಡಿಸುತ್ತದೆ.

ಸರಂಗೆರೆಲ್ ನಗಲಿಲ್ಲ.
ಅವಳ ತಾಖಿ ಕುದುರೆ, ಗಿಡ್ಡ ಕಾಲು, ನೆಟ್ಟಗೆ ನಿಂತ ಆಯಾಲು,
ಅವಳ ಹುಲ್ಲುಗಾವಲಿನಲ್ಲಿ ಒಂದೂ ಉಳಿದಿರಲಿಲ್ಲ ಒಂದು ಕಾಲಕ್ಕೆ.
ಯುರೋಪಿನ ಮೃಗಾಲಯಗಳಿಂದ ಮರದ ಪೆಟ್ಟಿಗೆಯಲ್ಲಿ
ವಿಮಾನ ಹತ್ತಿ ಬಂದವು.
ಬಾಗಿಲು ತೆರೆದಾಗ ಅವಳಪ್ಪ ಅಲ್ಲೇ ನಿಂತಿದ್ದ.
ಒಂದು ಹೆಣ್ಣು ಕುದುರೆ ಹೊರಗಿನ ಹುಲ್ಲು ಮೂಸಿತಂತೆ,
ಹಿಂದಿರುಗಿ ಪೆಟ್ಟಿಗೆಯನ್ನೇ ಮೂಸಿತಂತೆ,
ತುಂಬಾ ಹೊತ್ತು.
"ಅದರ ತವರು ಯಾವುದು ಅಂತ ಬರೀತೀಯ, ಹಿಲ್ಕಾ?"
ನನ್ನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

ನಮ್ಮ ದೇಶದ ಪಾಲಿಗೆ ಎಲ್ಲರೂ ಹಿಮಸಾರಂಗ ಎಂದರು.
ನಾನು ಹಟ ಹಿಡಿದು ಸೈಮಾ ಸೀಲ್ ಎಂದೆ.
ಕಡಲು ಹಿಂದೆ ಸರಿದಾಗ ಹೊರಡಲು ಮರೆತು
ಸರೋವರದಲ್ಲೇ ಉಳಿದುಹೋದದ್ದು.
ಬೇರೆಲ್ಲೂ ಇಲ್ಲ. ಬಾವುಟದ ತಕರಾರೇ ಇಲ್ಲ.
ಮೂರು ವಾರ ಕೂತು ಬಿಡಿಸಿದೆ:
ಮೀಸೆ ಒಂದೊಂದಾಗಿ, ಬೂದು ಮೈಯ ಮೇಲೆ
ಹನಿ ಬಿದ್ದ ನೀರಿನಂತೆ ಉಂಗುರ, ಉಂಗುರ.
ತಲೆಯ ಮೇಲೆ ಸಂತೋಷ ಎಂಬ ಹಸಿರು ಪಟ್ಟಿ.
ಚೆಂಡು ಎಸೆದರೆ ಏರುತ್ತದೆ.

ಭಾನುವಾರ ಸವೊನ್‌ಲಿನ್ನಾಕ್ಕೆ ಹೋದೆ, ಅಣ್ಣನ ಮನೆಗೆ.
ಈ ಸಲವೂ ಹಿಮ ಸಾಲದು.
ಓಸ್ಮೊ ಸಲಿಕೆ ಕೊಟ್ಟ. ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದೆವು,
ಕಲ್ಲುದಡದ ಪಕ್ಕ ಇದ್ದಬದ್ದ ಹಿಮ ಬಳಿದು
ಎದೆಯೆತ್ತರ ದಿಬ್ಬ ಹಾಕಿದೆವು.
ಕೆಳಗಿನಿಂದ ಮಂಜುಗಡ್ಡೆ ಕೊರೆದು
ಅದು ಬಂದರೆ ಬಂತು.
ಕಾದು ನೋಡುವಂತಿಲ್ಲ. ಹೆಜ್ಜೆ ಕೇಳಿಸಿದರೆ ಬರುವುದಿಲ್ಲ.
ಬಾಣಂತಿ ಕೋಣೆ ಕಟ್ಟಿಕೊಟ್ಟು
ಬಾಣಂತಿಯ ಮುಖ ನೋಡದೆ ಮನೆಗೆ ಹೋಗುವ ಕೆಲಸ.
ಓಸ್ಮೊಗೆ ಇದು ಹನ್ನೊಂದನೆಯ ಚಳಿಗಾಲ.
ಸೀಲನ್ನು ಕಂಡದ್ದು ಎರಡು ಸಲ,
ಅದರಲ್ಲಿ ಒಮ್ಮೆ ಬರೀ ಮೂಗು.
"ಬೆವರಿದ್ದೀಯ, ಟೋಪಿ ತೆಗೀಬೇಡ," ಎಂದ.
ಅಷ್ಟೇ ಮಾತು.

ಸೋಮವಾರ ಚೆಂಡನ್ನು ಅಳಿಸಿದೆ.
ಬೇಲಿಯ ಎತ್ತರ: ಸೊನ್ನೆ.
ಹಸಿರು ಪಟ್ಟಿಯನ್ನೂ ಕಿತ್ತೆ.
ಔಲಿಸ್ ಕನ್ನಡಕ ಹಣೆಗೇರಿಸಿ ಕೇಳಿದ,
ದುಡ್ಡು ಕೊಟ್ಟವರು ಏನನ್ನು ನೋಡಬೇಕಮ್ಮ?
ಹಿಮವನ್ನು, ಎಂದೆ.
ಅವನು ಒಳ್ಳೆಯವನೇ. ಲೆಕ್ಕ ಅವನ ಕೈಲಿಲ್ಲ.
ಹಿಮಸಾರಂಗ ಗೆದ್ದಿತು. ಕೊಂಬು ಚೆನ್ನಾಗಿ ಬಂದಿದೆ,
ಪೆಟ್ಟಿಗೆಯ ಚಿತ್ರಕ್ಕೂ ಅದೇ.

ಆದರೆ ನಕಾಶೆಯ ಮೂಲೆಯಲ್ಲಿ, ದಾರಿ ಮುಗಿದ ಮೇಲೆ,
ಹೆಸರಿಲ್ಲದ ಒಂದು ಸರೋವರ ಬಿಟ್ಟಿದ್ದೇನೆ.
ದಡಕ್ಕೆ ಒರಗಿಸಿಟ್ಟ ಒಂದು ಸಲಿಕೆ.
ಯಾರೋ ಒಂದು ಮಗು, ಎಲ್ಲಿಯದೋ,
ಸಿಂಹ ನೋಡಿ ನೋಡಿ ಬೇಸರವಾಗಿ
ಅಲ್ಲಿಗೆ ಬಂದು ಹಿಮ ರಾಶಿ ಹಾಕಿ
ಊಟಕ್ಕೆ ಕರೆದರೆಂದು ಆಟ ನಿಲ್ಲಿಸಿ ಎದ್ದು ಹೋದರೆ,
ಮರುದಿನ ದಿಬ್ಬದ ನೆತ್ತಿಯಲ್ಲಿ
ಒಂದು ತೂತು ಇರುತ್ತದೆ,
ಉಸಿರು ಹಿಡಿಸುವಷ್ಟು.

ತವರು ಎಂಬ ಕಾಲಂ ಖಾಲಿ ಇಟ್ಟಿದ್ದೇನೆ.
ಔಲಿಸ್ ನೋಡಿದ್ದಾನೆ ಅನಿಸುತ್ತದೆ.
ಅಳಿಸಿಲ್ಲ ಇನ್ನೂ.