ಮೊಣಕಾಲೆತ್ತರದ ಹೊನ್ನೆ

ಹಿರೇಕಲ್ಲುಗುಡ್ಡದ ಮೂಡಲ ಇಳಿಜಾರು,
ಬೆಂಕಿ ಬಿದ್ದು ಮೂರು ವಾರ.
ಬೂಟಿನಡಿ ಕರಿ ಪುಡಿ. ಕರಡದ ಬುಡಗಳು
ಮುಡಿ ಕೊಟ್ಟು ಬಂದ ಮಕ್ಕಳ ತಲೆಯ ಹಾಗೆ.
ಹಗ್ಗದಲ್ಲಿ ಚೌಕ ಹಾಕಿ ಎಣಿಸುತ್ತಿದ್ದೆ:
ದಿಂಡಿಗ ನಾಲ್ಕು, ತುಪ್ರ ಹನ್ನೊಂದು,
ಕಗ್ಗಲಿ ಒಂದು, ಅದೂ ಅರ್ಧ ಸತ್ತದ್ದು.

ಹೊನ್ನೆ, ಅಂತ ಬರೆದೆ. ಎತ್ತರ ಮೊಣಕಾಲು.
ವಯಸ್ಸು: ಒಂದು.

ವಾಚರ್ ಹೇಮ್ಲಾನಾಯ್ಕ
ಕಾಡೊಳಗೆ ಎಂದೂ ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ನಕ್ಕ. "ಒಂದಾ?"
ಕುಡುಗೋಲ ತುದಿಯಿಂದ ಮಣ್ಣು ಕೆದಕಿದ.
ಗೇಣು. ಮತ್ತೊಂದು ಗೇಣು.
ಕಡ್ಡಿಯಂಥ ಸಸಿಯ ಕೆಳಗೆ ನನ್ನ ಮುಂಗೈ ದಪ್ಪದ ಬೇರು,
ಅದರ ನೆತ್ತಿಯೆಲ್ಲ ಗಂಟು,
ಒಂದೊಂದು ಗಂಟೂ
ಯಾವುದೋ ಬೇಸಿಗೆ ಉಂಡುಬಿಟ್ಟ ಕಾಂಡದ್ದು.

"ನಾನು ಕೆಲಸಕ್ಕೆ ಸೇರಿದಾಗ ಇಷ್ಟೇ ಇತ್ತು.
ಮಗಳ ಮದುವೆ ವರ್ಷವೂ ಇಷ್ಟೇ.
ಒಣಗುತ್ತೆ, ಸುಡುತ್ತೆ, ಒಳಗೊಳಗೇ ಕೂಡಿಡುತ್ತೆ.
ಒಂದು ಮಳೆಗಾಲ, ಯಾವುದು ಅಂತ ಯಾರಿಗೂ ಹೇಳಲ್ಲ,
ಆಳುದ್ದ ಎದ್ದುಬಿಡುತ್ತೆ.
ಆಮೇಲೆ ಬೆಂಕಿಗೆ ಅದರ ತಲೆ ಎಟುಕಲ್ಲ."

ಹಾಗಾದರೆ ಬೆಂಕಿ ಬೇಕಾ, ಬೇಡವಾ?
ಅವನು ಆಚೆ ಮಗ್ಗುಲು ನೋಡಿದ.
ಹತ್ತು ವರ್ಷ ಕಿಡಿ ಕಾಣದ ಮಗ್ಗುಲು:
ಎದೆಮಟ್ಟ ಲಂಟಾನ, ಹುಲ್ಲಿಲ್ಲ,
ಕರಡಿಗೂ ದಾರಿಯಿಲ್ಲ.
"ವರ್ಷ ವರ್ಷ ಬಂದರೆ ಇದೂ ಸೋಲುತ್ತೆ ಸಾರ್.
ಬಾರದೇ ಹೋದರೆ, ಅಗೋ, ಅದು."

ಅಗೆದದ್ದನ್ನು ಅಂಗೈಯಲ್ಲಿ ಮುಚ್ಚಿದ,
ಬಾಟಲಿಯ ಕೊನೆ ಗುಟುಕು ಸುರಿದ.
ಅವನ ಪಾಲಿನ ಗುಟುಕು ಅದು.

ಒಂದು ಎಂಬುದನ್ನು ಹೊಡೆದುಹಾಕಿದೆ.
ಆ ಕಾಲಮ್ಮು ಇನ್ನೂ ಖಾಲಿ.
ಕೆಳಗೆ ಅರಸೀಕೆರೆಯ ಕಡೆಯಿಂದ ರೈಲಿನ ಕೂಗು,
ಬೂದಿಯಲ್ಲಿ ಎರಡೇ ಎಲೆ, ಎಳೆಗೆಂಪು.