ಧಡೆ ಕಳೆದು

ನ್ಯೂಲಿನ್ ಬಂದರಿನಲ್ಲಿ ಹದಿನೇಳು ವರ್ಷ
ಮೀನು ತೂಗಿದವಳು ನಾನು.
ಪೆಟ್ಟಿಗೆಯ ಧಡೆ, ಮಂಜುಗಡ್ಡೆಯ ಧಡೆ,
ಎರಡನ್ನೂ ಕಳೆದ ಮೇಲೆ ಉಳಿದದ್ದೇ ಮೀನು.
ಇಷ್ಟು ತಿಳಿಯದವಳ ಕೈಗೆ
ತಕ್ಕಡಿ ಕೊಡುವುದಿಲ್ಲ ಯಾರೂ.

ಈಗ ಅಡುಗೆಮನೆಯ ಮೇಜಿನ ಮೇಲೆ, ಬೆಣ್ಣೆಯ ಕಲೆಯ ಪಕ್ಕ,
ಲೀಡ್ಸ್ ಊರಿನ ಶಾಲೆಗಳ ಪಟ್ಟಿ,
ಒಂದರಿಂದ ನಲವತ್ಮೂರು.
ಡೆನ್ಜಿಲ್‌ಗೆ ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ.
ಕೆರೆನ್ಸಾಗೆ ಹದಿಮೂರು.
ಜಾಗೋ ಇನ್ನೂ ಹತ್ತರವನು, ಅವನಿಗೆ ಪಟ್ಟಿಯೆಂದರೆ ಫುಟ್‌ಬಾಲಿನದು:
"ಕೊನೆಯ ಮೂರು ಶಾಲೆ
ಕೆಳಗಿನ ಲೀಗಿಗೆ ಇಳೀತಾವಾ ಅಮ್ಮಾ?"

ಮನೆ ತೋರಿಸುವ ಏಜೆಂಟ್ ಫೋನಿನಲ್ಲಿ ನಕ್ಕ:
ನಾಲ್ಕನೆಯ ಶಾಲೆಯ ಬೀದಿಯಾದರೆ
ಬಾಡಿಗೆ ಇನ್ನೂರೈವತ್ತು ಪೌಂಡ್ ಜಾಸ್ತಿ.
ಅದೇ ಇಟ್ಟಿಗೆ, ಅದೇ ಸೋರುವ ಸೂರು,
ಪಿನ್‌ಕೋಡ್ ಮಾತ್ರ ಬೇರೆ.

ನಾಲ್ಕನೆಯದಕ್ಕೆ ಸೇರುವ ಮಕ್ಕಳು
ಮೊದಲೇ ಮನೆಪಾಠದಲ್ಲಿ ಮಿಂದು ಬಂದವರಂತೆ.
ಅದು ಮಂಜುಗಡ್ಡೆ.
ಕಳೆದೆ.
ಮೂವತ್ತೊಂದನೆಯದರಲ್ಲಿ ಅರ್ಧ ಮಂದಿ
ಇಂಗ್ಲಿಷಿನ ಗಂಧವಿಲ್ಲದೆ ಬಂದು, ಐದೇ ವರ್ಷದಲ್ಲಿ...
ಅದನ್ನು ಹೇಗೆ ಕೂಡುವುದು?
ಪೆನ್ಸಿಲ್ ನಿಂತಿತು.

ಪ್ರಗತಿ ಎಂಬ ಕಾಲಮ್ಮಿನಲ್ಲಿ
ಸೊನ್ನೆಗಿಂತ ಕೆಳಗಿನ ಅಂಕಿಗಳು.
ಐದು ವರ್ಷ ಓದಿ ಮಗು ಹಿಂದಕ್ಕೆ ನಡೆಯಿತೇ?
ಹಾಗಲ್ಲ, ಉಳಿದವರಷ್ಟು ಮುಂದೆ ಬರಲಿಲ್ಲ ಅಷ್ಟೆ,
ಎಂದ ಡೆನ್ಜಿಲ್. ಆಮೇಲೆ ಅವನೂ
ಕನ್ನಡಕ ತೆಗೆದು ಒರೆಸಿಕೊಂಡ.

ಇನ್ನೊಂದು ಲೆಕ್ಕ ಗೊತ್ತು ನನಗೆ,
ಬಂದರಿನಲ್ಲಿ ಯಾರೂ ಬಾಯಿಬಿಡುವುದಿಲ್ಲ:
ತೂಕಕ್ಕೆ ಮೊದಲೇ ಕಿರಿಮೀನುಗಳನ್ನು
ನೀರಿಗೆ ಎಸೆದುಬಿಟ್ಟರೆ
ಪೆಟ್ಟಿಗೆಯ ಸರಾಸರಿ ತಾನಾಗಿ ಏರುತ್ತದೆ.
ಅದಕ್ಕೇ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದೆ:
ಹನ್ನೊಂದರ ವಯಸ್ಸಿಗೆ ಸೇರಿದವರು ಎಷ್ಟು,
ಹದಿನಾರಕ್ಕೆ ಪರೀಕ್ಷೆಗೆ ಕೂತವರು ಎಷ್ಟು?

ಒಂಬತ್ತನೆಯದು, ಮೇಲ್ ಮಾಡಿ ಎಂದಿತು.
ನಾಲ್ಕನೆಯದರಲ್ಲಿ ಪಿಯಾನೋ, ಬಹಳ ಹೊತ್ತು.
ಮೂವತ್ತೊಂದನೆಯದರಲ್ಲಿ ಫೋನೆತ್ತಿದ ಹೆಂಗಸು
ಬಾಯಲ್ಲಿದ್ದ ಬಿಸ್ಕತ್ತು ನುಂಗಿ,
ನೂರ ಎಂಬತ್ತು ಜನ ಬಂದರು, ನಾಲ್ವರು ಕೂರಲಿಲ್ಲ, ಎಂದಳು.
"ಬ್ರೋಗನ್. ಇಫ್ರಾ. ಡೂಲನ್ ಅವಳಿಗಳು."
ಪುಸ್ತಕ ತೆರೆದ ಸದ್ದು ಕೇಳಲಿಲ್ಲ.
ಮಂಗಳವಾರ ಬನ್ನಿ, ಮೈದಾನ ಕೆಸರು, ಬೂಟು ತನ್ನಿ.

ಅಷ್ಟು ಹೊತ್ತೂ ಕಿಟಕಿಯ ಬಳಿ
ಉಗುರು ಕಚ್ಚುತ್ತ ನಿಂತಿದ್ದ ಕೆರೆನ್ಸಾ ಕೇಳಿದಳು:
ಅಲ್ಲಿಂದ ಸಮುದ್ರ ಎಷ್ಟು ದೂರ?

ಅರವತ್ತು ಮೈಲಿ, ಚಿಲ್ಲರೆ.

ಅದರಲ್ಲಿ ಏನನ್ನು ಕಳೆಯಬೇಕೋ
ತಿಳಿಯಲಿಲ್ಲ.