ಚಿಲ್ಲರಿ ಬಾಕಿ

ಸಂಜಿ ಐದೂವರಿಗೆ ನಮ್ಮಪ್ಪ ಡ್ಯೂಟಿಗೆ ಏಳ್ತಾನ.
ರಿಟೈರಾಗಿ ಹದಿನಾಲ್ಕು ವರ್ಷ.
ಖಾಕಿ ಅಂಗಿ ಎಲ್ಲಿ ಅಂತಾನ,
ಕೀಲಿ ಹಾಕಿದ ಬಾಗಿಲು ಬಡಿತಾನ:
ಯಾದಗಿರಿ ಬಿಡೂದು ಲೇಟಾಯ್ತು, ಡ್ರೈವರ್ ಹಾರನ್ ಹೊಡಿಲಿಕತ್ತಾನ,
ಕೇಳಂಗಿಲ್ಲೇನ್ ನಿಮಗ?

ಮೊದಲಿನ ವರ್ಷ ನಾ ವಾದ ಮಾಡ್ದೆ.
ಅಪ್ಪಾ, ನಿನ್ನ ನೌಕರಿ ಮುಗದದ.
ದಿನಾ ಹೊಸದಾಗಿ ನೌಕರಿ ಕಳಕೊಂಡವನ ಮಾರಿ
ದಿನಾ ನೋಡ್ದೆ.

ಕಲಬುರಗಿ ಡಾಕ್ಟರ್ ಸ್ಕ್ಯಾನ್ ಬೆಳಕಿಗೆ ಹಿಡಿದು
ಅಲ್ಜೈಮರ್ ಅಂದ್ರು. ವಯಸ್ಸಿನ ಮರವಲ್ಲ, ರೋಗ.
ಇಲ್ಲಿ ನೋಡಮ್ಮ, ಇಲ್ಲಿ ಸೊರಗ್ಯದ, ಇಲ್ಲಿ.
ನನಗ ಕಂಡದ್ದು ಬ್ಯಾಸಗಿ ಭೀಮಾ:
ಉಸುಕು, ಉಸುಕು, ಅಲ್ಲೊಂದು ಮಡುವು.

ಆಮ್ಯಾಲ ಒಂದಿನ, ದಣದು, ಹೊಲಿಗಿ ಮಿಷನ್ ಬಿಟ್ಟೆದ್ದು
ಮಂಚದ ತುದಿಗೆ ಕುಂತು ಕೈ ಚಾಚಿದೆ:
"ಒಂದು ಸುರಪುರ ಕೊಡ್ರಿ."
ಬಾಗಿಲು ಬಡಿಯೂದು ನಿಂತ್ತು.
ಬಂದ. ಓಡೂ ಬಸ್ಸಿನಾಗ ನಿಲ್ಲೂವಂಗ ಕಾಲು ಅಗಲಿಸಿ ನಿಂತ,
ಹ್ವಾದ ವರ್ಷದ ಕ್ಯಾಲೆಂಡರ್ ತುದಿ ಹರದು ಕೊಟ್ಟ.
"ಮುಂದ ಸರೀರಿ ಅಕ್ಕೋರೆ, ಮುಂದ ಜಾಗ ಅದ."

ಈಗ ದಿನಾ ನಮ್ಮ ಮಂಚ ಹೋಗ್ತದ:
ಖಾನಾಪುರ, ದೋರನಹಳ್ಳಿ, ಶಹಾಪುರ.
ಶಹಾಪುರ ಬಂತಂದ್ರ ಗುಳಗಿ, ಸುರಪುರ ಬಂತಂದ್ರ ಊಟ.
ಒಮ್ಮೊಮ್ಮೆ ದೋರನಹಳ್ಳಿಗೇ ಧೋತರ ತೊಯ್ದಿರ್ತದ.
ಬಸ್ ಸೋರ್ಲಿಕತ್ತದರಿ, ಸೀಟ್ ಬದಲಿ ಮಾಡ್ರಿ ಅಂತೀನಿ.
ಬೈತಾನ, ಡಿಪೋದವರಿಗೆ.

ಎಲ್ಲಾ ದಿನ ಹಿಂಗ ಆಗಂಗಿಲ್ಲ.
ಹ್ವಾದ ಮಂಗಳವಾರ ತಾಟು ಒಗದ. ನಾನೂ ಒದರಿದೆ.
ತಮ್ಮ ಮೌನೇಶ ಬಂದು ಅವನ್ನ ಹಿಡಕೊಂಡ,
ನಾ ಕಟ್ಟಿಮ್ಯಾಲ ಕುಂತು ಮಿಷನ್ ಎಣ್ಣಿ ಕೈಲೆ
ಮಾರಿ ಒರಸಿಕೊಂಡೆ.

ಅಂಗಿ ಕಾಲರಿನ ಒಳಗ ನನ್ನ ಫೋನ್ ನಂಬರ
ಕೆಂಪು ದಾರದಾಗ ಹೊಲದೀನಿ.
ನಾಲ್ಕು ಅಂಗಿ, ನಾಲ್ಕು ಸಲ ಹತ್ತಂಕಿ.
ಹೆಸರು ಹೊಲಿಲಿಲ್ಲ. ದೇವಮ್ಮ ಅಂತ ಓದಿದ್ರ
ಅಂವಗ ಅದು ಯಾವ ಸ್ಟಾಪು?

ನಿನ್ನಿ ಹತ್ತು ರೂಪಾಯಿ ಕೊಟ್ಟೆ.
ಕಿಸೆ ಮುಟ್ಟಿ ನೋಡಿಕೊಂಡ. ಖಾಲಿ.
ಇನ್ನೊಂದು ಕಿಸೆ. ಖಾಲಿ.
ಹಾಳಿ ತಿರುವಿ ಹಿಂದ ಏನೋ ಗೀಚಿದ,
ಅಂಕಿ ಹೌದೋ ಅಲ್ಲೋ.
"ಚಿಲ್ಲರಿ ಇಲ್ಲ ಅಕ್ಕೋರೆ.
ಇಳಿಯೂಮುಂದ ಕೇಳಿ ತೊಗೋರಿ."

ಮರೀಬ್ಯಾಡ್ರಿ ಅನ್ನೂದು ತುಟಿತನಕ ಬಂತು.
ಹೂಂರಿ ಅಂದೆ.
ಹಾಳಿ ಅಳತಿ ಬುಕ್ಕಿನಾಗ ಮಡಚಿಟ್ಟೆ.